ನಾಳೆನೂ ಬತ್ತೀನಿ

ಪೊಲೀಸಮ್ಮನ ಎಡಗಿವಿಯ ಹಾಲೆ ಎರಡಾಗಿ ಸೀಳಿಹೋಗಿತ್ತು. ಗಂಡ ಓಲೆ ಹಿಡಿದು ಎಳೆದ ದಿನವೇ ಮನೆ ಬಿಟ್ಟು ಬಂದವರು ಅದನ್ನು ಹೊಲಿಸಿಕೊಳ್ಳಲೂ ಇಲ್ಲ, ಸೆರಗಿನಲ್ಲಿ ಮುಚ್ಚಿಕೊಳ್ಳಲೂ ಇಲ್ಲ. ಪೊಲೀಸ್ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಹುಣಸೂರಿನಲ್ಲಿ ಎಸ್‌ಟಿಡಿ ಬೂತಿನ ಮೇಲಿನ ಕೋಣೆಗೆ ಖಾಸಗಿ ಪತ್ತೇದಾರಿ ಎಂದು ಬೋರ್ಡು ಹಾಕಿದ್ದರು. ಮದುವೆಗೆ ಮುಂಚೆ ಗಂಡಿನ ನಡತೆ ವಿಚಾರಿಸಿಕೊಡುವುದೇ ಹೆಚ್ಚಿನ ಕೆಲಸ. ಊರವರಿಗೆ ಮಾತ್ರ ಅವರು ಕೊನೆಯವರೆಗೂ ಪೊಲೀಸಮ್ಮನೇ.

ಪಿರಿಯಾಪಟ್ಟಣದ ಕಡೆ ಕೊಟ್ಟಿದ್ದ ನನ್ನ ಅಕ್ಕ ನಾಲೆಯಲ್ಲಿ ಹೆಣವಾಗಿ ಸಿಕ್ಕಳು. ಬಟ್ಟೆ ಒಗೆಯಲು ಹೋಗಿ ಜಾರಿದಳು ಎಂದ ಭಾವ. ಠಾಣೆಯವರು ಒಪ್ಪಿದರು. ಅವ್ವ ಒಪ್ಪಲಿಲ್ಲ; ನನ್ನನ್ನು ಕರೆದುಕೊಂಡು ಪೊಲೀಸಮ್ಮನ ಮೆಟ್ಟಿಲು ಹತ್ತಿದಳು.

ಭಾವನಿಗೆ ಎರಡನೇ ಸಂಬಂಧ ತಂದವರಂತೆ ಅವರು ಆ ಮನೆಗೆ ಹೋಗಿ ಬಂದು ನನ್ನನ್ನು ಕೇಳಿದರು: "ನಿಮ್ಮಕ್ಕ ಬರಿಗಾಲಲ್ಲಿ ಓಡಾಡ್ತಿದ್ಲೇನವ್ವ?"

"ಇಲ್ಲ ಕಣ್ರಮ್ಮ. ಕಾಲಿನ ಇಮ್ಮಡಿ ಒಡ್ದು ರಕ್ತ ಬರೋದು. ಇತ್ತಲಿಗೋಗಕ್ಕೂ ಚಪ್ಲಿ ಬೇಕಿತ್ತು."

"ಅವಳ ಚಪ್ಲಿ ಆ ಮನೆ ಬಾಗ್ಲ ಇಂದೆನೇ ಅವೆ."

ಮರುದಿನದಿಂದ ಅವರು ಭಾವನ ಗೊಬ್ಬರದ ಅಂಗಡಿಯ ಎದುರಿನ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಾ ಕೂತರು. ಅವನು ಹೊರಗೆ ಬಂದಾಗಲೆಲ್ಲ ಒಂದೇ ಮಾತು: "ಅವಳು ಯಾಕಪ್ಪ ಬರಿಗಾಲಲ್ಲಿ ನಾಲೆಗೋದ್ಲು?" ಚಪ್ಪಲಿ ನೀರಲ್ಲಿ ತೇಲಿಹೋಯಿತು ಎಂದ. ಇನ್ನೊಂದು ದಿನ, ಮೆಟ್ಟಿಕೊಳ್ಳಲು ಮರೆತು ಹೋಗಿದ್ದಳು ಎಂದ. ಆಮೇಲೆ ಅರ್ಧ ಬಾಗಿಲು ಹಾಕಿಕೊಂಡು ಕೂರತೊಡಗಿದ. ನಾನು ಜೊತೆಗಿದ್ದ ದಿನ ಹತ್ತಿರ ಬಂದು, "ಒಂಟಿ ಎಂಗ್ಸು ನೀನು, ಉಸಾರು" ಎಂದ.

"ಒಂಟಿನೇ ಕಣಪ್ಪ. ನಾಳೆನೂ ಬತ್ತೀನಿ" ಎಂದರು.

ಬಂದರು. ಸಂತೆಯ ಜನ ತುಂಬಿದ್ದ ಬೀದಿಯಲ್ಲಿ ಅದೇ ಪ್ರಶ್ನೆ ಕೇಳಿದಾಗ ಅವನು ಕಿರುಚಿಬಿಟ್ಟ: "ಚಪ್ಲಿ ಮೆಟ್ಕೊಳಾಕೆ ನಾನೆಲ್ಲಿ ಬುಟ್ಟೆ ಅವಳ್ನ?" ಸಂತೆಯವರೆಲ್ಲ ಅವನತ್ತ ತಿರುಗಿದರು. ಏನು ಹೇಳಿದೆನೆಂದು ಎಲ್ಲರಿಗಿಂತ ಕೊನೆಗೆ ಗೊತ್ತಾದದ್ದು ಅವನಿಗೇ.

ಪೊಲೀಸಮ್ಮ ಮಡಿಲಿನ ಸಿಪ್ಪೆ ಕೊಡವಿ ಎದ್ದು, ಕೇಳಿಸಿಕೊಂಡವರನ್ನೆಲ್ಲ ಠಾಣೆಗೆ ಹೊರಡಿಸಿದರು. ಕೇಸು ಮತ್ತೆ ತೆರೆಯಿತು. ವಿಚಾರಿಸಲು ನಿಮಗೇನು ಅಧಿಕಾರ ಎಂದು ಕೋರ್ಟಿನಲ್ಲಿ ಅವನ ವಕೀಲರು ಕೇಳಿದರು. "ಸತ್ತವಳ ಬಗ್ಗೆ ಕೇಳಾಕೂ ಅಧಿಕಾರ ಬೇಕಾ ಸ್ವಾಮಿ?" ಎಂದರು ಇವರು. ಅಕ್ಕನನ್ನು ಎಳೆದೊಯ್ದು ನಾಲೆಗೆ ನೂಕಿದ್ದು ಸಾಬೀತಾಗಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ಹಿಂತಿರುಗುವಾಗ ಬಸ್ಸಿನಲ್ಲಿ, ಭಯ ಆಗಲಿಲ್ಲವೇ ಎಂದು ಕೇಳಿದೆ. "ಕೈ ನಡುಗ್ತಿತ್ತು ಕಣವ್ವ. ಅದ್ಕೇ ಕಡ್ಲೆಕಾಯಿ."

ಕೆಲವು ವರ್ಷಗಳ ಮೇಲೆ ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಹೆಂಗಸರು ಮಸಣಕ್ಕೆ ಬರಬಾರದು ಎಂದು ಅವರ ಊರಿನ ಹಿರಿಯರೊಬ್ಬರು ನಮ್ಮನ್ನು ದಾರಿಯಲ್ಲೇ ತಡೆದರು.

"ಪಕ್ಕಕ್ಕೆ ಸರೀರಿ" ಎಂದಳು ಅವ್ವ.

ಸರಿದರು. ಗುಂಡಿಗೆ ಮೊದಲ ಹಿಡಿ ಮಣ್ಣು ಹಾಕಿದವಳು ಅವಳೇ.