ಐದು ದಿನದ ಹಾಲು

ನಾಗಮ್ಮನ ಮಗಳು ಈಗ ಬಾಣಂತಿ. ನಿನ್ನೆ ಗುಳಿಗೆಯ ಪಟ್ಟಿ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತಳು. "ದೊಡ್ಡವ್ವ, ಜ್ವರ ಬಂದಾವ. ಡಾಕ್ಟರು ಇವು ಕೊಟ್ಟಾರ. ಕೂಸಿಗೆ ಹಾಲು ಕುಡಸಲೋ ಬ್ಯಾಡೋ?" ಆ ಪಟ್ಟಿ ನೋಡುತ್ತಲೇ ನನ್ನ ಹಳೆಯ ಹೊಟ್ಟೆಕಿಚ್ಚು ಎದ್ದು ಕುಳಿತಿತು. ಹೌದು, ಹೊಟ್ಟೆಕಿಚ್ಚೇ. ನಿಮ್ಮ ಮುಂದೆ ಮುಚ್ಚಿಡುವುದೇನು?

ನಾಗಮ್ಮ ನನ್ನ ಮೈದುನನ ಹೆಂಡತಿ. ಶಹಾಬಾದದ ಒಂದೇ ಮನೆಯಲ್ಲಿ, ಒಂದೇ ತಿಂಗಳು ಇಬ್ಬರೂ ಹಡೆದೆವು. ಅವಳಿಗೆ ಈ ಮಗಳು, ನನಗೆ ಮಗ. ನನಗೆ ಎದೆಯಲ್ಲಿ ಹಾಲು ಕಟ್ಟಿಕೊಂಡು ಜ್ವರ ಬಂತು, ಡಾಕ್ಟರು ಗುಳಿಗೆ ಬರೆದರು. ಅತ್ತೆ ನೋಡಿ, "ಗುಳಗಿ ನುಂಗಿದಾಕಿ ಹಾಲು ಕೂಸಿಗೆ ವಿಷ ಆಗ್ತದ. ನಾಗಮ್ಮನ ಕೈಯಾಗ ಕೊಡು" ಅಂದರು. ದವಾಖಾನೆ ಎರಡು ಓಣಿ ಆಚೆ. ಹೋಗಿ ಒಂದು ಮಾತು ಕೇಳುವ ಬುದ್ಧಿ ನನಗೂ ಬರಲಿಲ್ಲ.

ಐದು ದಿನ ನನ್ನ ಹಾಲನ್ನು ನಾನೇ ಹಿಂಡಿ ಬಚ್ಚಲಿಗೆ ಚೆಲ್ಲಿದೆ. ಗೋಡೆಯಾಚೆ ನನ್ನ ಮಗ ಗುಟುಕು ಗುಟುಕಾಗಿ ಅವಳ ಹಾಲು ಕುಡಿಯುವ ಸಪ್ಪಳ. ಎದುರಿನ ಅಂಗಳದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಮಷೀನು ಮಧ್ಯಾಹ್ನ ನಿಂತರೆ ಆ ಸಪ್ಪಳ ಇನ್ನೂ ಸ್ಪಷ್ಟ. ಆ ಮಷೀನು ನಿಲ್ಲದಿರಲಿ ಎಂದು ದೇವರಿಗೆ ಕೈಮುಗಿದ ಬಾಣಂತಿ ಊರಲ್ಲಿ ನಾನೊಬ್ಬಳೇ ಇರಬೇಕು. ಉಪಕಾರ ಮಾಡಿದವಳ ಮೇಲೆ ಯಾರಾದರೂ ಉರಿಯುತ್ತಾರೆಯೇ? ನಾನು ಉರಿದೆ. "ನಿನ್ನ ಮಗ ಭಾಳ ಶಾಣ್ಯಾ ಅಕ್ಕ, ಕಾಡಂಗೇ ಇಲ್ಲ" ಅಂದಳು. ಅದಕ್ಕೂ ಉರಿದೆ.

ಆರನೆಯ ದಿನ ಮನೆಗೆ ಬಂದ ನರ್ಸಮ್ಮ ಹಣೆ ಬಡಿದುಕೊಂಡರು. "ನೀ ಹಾಲು ಕುಡಸಾಕಿ ಅಂತ ಗೊತ್ತಿದ್ದೇ ಡಾಕ್ಟರು ಬರದಾರವ್ವ. ಹಾಲು ಕಟ್ಟಿದಾಗ ಕುಡಸೋದೇ ಛಲೋ. ಬಿಡಸಂತ ಯಾರು ಹೇಳಿದ್ರು?"

ಓಡಿಹೋಗಿ ಮಗನನ್ನು ಕಸಿದುಕೊಂಡು ಬಂದೆ. ಅವನು ನನ್ನ ಎದೆಗೆ ಬಾಯಿ ಹಚ್ಚದೆ, ಆ ಗೋಡೆಯ ಕಡೆಗೇ ಮುಖ ತಿರುಗಿಸಿ ಅತ್ತ. ಎರಡು ದಿನಕ್ಕೆ ಅವನು ಸರಿಹೋದ, ಇಪ್ಪತ್ತು ವರ್ಷವಾದರೂ ನಾನು ಸರಿಹೋಗಲಿಲ್ಲ. ಈಗಲೂ ಊರಿಗೆ ಬಂದವನು ಹೊಸ್ತಿಲಲ್ಲೇ "ಚಿಗವ್ವ ಎಲ್ಲಿ?" ಅಂದರೆ ಒಲೆ ಮುಂದೆ ನನ್ನ ಕೈಯಲ್ಲಿನ ಪಾತ್ರೆಗಳು ಸುಮ್ಮನೆ ಸಪ್ಪಳ ಮಾಡುತ್ತವೆ.

ನಿನ್ನೆ ಮಾತ್ರ ಮೊದಲು ಡಾಕ್ಟರಿಗೆ ಫೋನು ಹಚ್ಚಿಸಿ, ಗುಳಿಗೆಯ ಹೆಸರು ಓದಿಸಿ ಕೇಳಿಸಿದೆ. ಕುಡಿಸಬಹುದು ಎಂದರು. ಬಾಗಿಲಲ್ಲಿ ನಿಂತಿದ್ದ ನಾಗಮ್ಮ ಒಳಗೆ ಬಂದಳು.

"ಛಲೋ ಆತು ಅಕ್ಕ. ಆಗ ನನ್ನ ಹಾಲು ಇಬ್ಬರಿಗೆ ಸಾಲ್ತಿದ್ದಿಲ್ಲ. ಅಂವ ಅತ್ರ ನಿನಗ ಕೇಳಸ್ತದಂತ ಅವಗೇ ಮೊದಲು ಕುಡಸ್ತಿದ್ದೆ. ಇದಕ್ಕ ಆಡಿನ ಹಾಲಿಗೆ ನೀರು ಬೆರಸಿ ಹಾಕೀನಿ."

'ಇದು' ಅಂದರೆ ಎದುರಿಗೆ ಜ್ವರದಲ್ಲಿ ನಿಂತಿದ್ದ ಈ ಹುಡುಗಿ. ಗೋಡೆಯಾಚೆ ನಾನು ಎಣಿಸಿ ಎಣಿಸಿ ಉರಿದದ್ದು ಇವಳ ಪಾಲಿನ ಗುಟುಕು.

"ಬಾ, ಕುಂದ್ರು" ಅಂದು ಹುಡುಗಿಯನ್ನು ಕೂಡಿಸಿ, ಕೂಸನ್ನು ಅವಳ ಮಡಿಲಿಗೆ ಕೊಟ್ಟು ಪಕ್ಕದಲ್ಲೇ ಕುಳಿತೆ. ಅದು ಕುಡಿಯತೊಡಗಿತು. ಹೊರಗೆ ಮಷೀನು ನಿಂತಿತ್ತು. ಆ ಗುಟುಕಿನ ಸಪ್ಪಳ ಮುಗಿಯುವ ತನಕ ನಾನು ಅಲ್ಲಿಂದ ಏಳಲಿಲ್ಲ.