ಶೂ ಮೇಲಿನ ಎರಡು ಅಲೆಗಳು ನದಿಗಳಲ್ಲ

“ಪಕ್ಕದ ಎರಡು ನೀಲಿ ಅಲೆಗಳು ತುಂಗೆ ಮತ್ತು ಭದ್ರೆ. ನಮ್ಮ ನೆಲದ ನದಿಗಳನ್ನು ಕ್ಯಾನ್ವಾಸಿನ ಮೇಲೆ ಹರಿಸಿದ ಈ ವಿನ್ಯಾಸ ೧೯೯೭ರಲ್ಲಿ ಕಂಪನಿಯ ಮ್ಯಾನೇಜರರ ಕಲ್ಪನೆಯಲ್ಲಿ ಮೂಡಿತು.”

೨೦೦೮ರಲ್ಲಿ ಶಿವಮೊಗ್ಗದಲ್ಲಿ ನಡೆದ ಹಳೆಯ ವಸ್ತುಗಳ ಪ್ರದರ್ಶನವೊಂದರಲ್ಲಿ, ಗಾಜಿನ ಪೆಟ್ಟಿಗೆಯೊಳಗಿದ್ದ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂಗಳ ಕೆಳಗೆ ಈ ಕಾರ್ಡನ್ನು ಇಟ್ಟಿದ್ದರು. ಓದಿದವರೆಲ್ಲ ತಲೆದೂಗಿದರು. ಊರಿನ ಪತ್ರಿಕೆಗಳೂ ಇದನ್ನೇ ಬರೆದವು. ಒಮ್ಮೆ ಅಚ್ಚಾದದ್ದನ್ನು ಯಾರೂ ಪ್ರಶ್ನಿಸುವುದಿಲ್ಲ. ಆ ಕಾರ್ಡಿನಲ್ಲಿ ಇಸವಿಯೂ ತಪ್ಪು, ವ್ಯಕ್ತಿಯೂ ತಪ್ಪು, ನದಿಗಳಂತೂ ಶುದ್ಧ ಕಟ್ಟುಕಥೆ. ಇದನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಆ ಸುಳ್ಳು ಹುಟ್ಟಲು ಜಾಗ ಮಾಡಿಕೊಟ್ಟವನು ನಾನೇ.

೧೯೯೬ರಲ್ಲಿ ನಾನು ಭದ್ರಾವತಿಯ ಹೊರವಲಯದ ಶೂ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಪಾದರಕ್ಷೆ ತಯಾರಿಕೆಯ ಇಂಗ್ಲಿಷ್ ಪುಸ್ತಕಗಳನ್ನು ಭಾನುವಾರಗಳಂದು ಶಿವಮೊಗ್ಗದ ಗ್ರಂಥಾಲಯದಲ್ಲಿ ಕುಳಿತು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿ ಕಲಿತವನು. ಹಾಗೆ ಕಲಿತದ್ದರಿಂದ ಜ್ಞಾನದ ಜೊತೆಗೆ ಸೊಕ್ಕೂ ಬಂದಿತ್ತು.

ಕ್ಯಾನ್ವಾಸ್ ಶೂ ಮಾಡುವ ಕ್ರಮ ಹೀಗೆ: ಬಟ್ಟೆಯನ್ನು ಕತ್ತರಿಸಿ ಮೇಲ್ಭಾಗವನ್ನು, ಅಂದರೆ ಅಪ್ಪರನ್ನು, ಹೊಲಿಯುತ್ತಾರೆ. ಪಾದದ ಆಕಾರದ ಅಚ್ಚಿಗೆ ಅದನ್ನು ಎಳೆದು ತೊಡಿಸಿ, ರಬ್ಬರ್ ಅಟ್ಟೆ ಅಂಟಿಸಿ, ಬಿಸಿಯಲ್ಲಿ ಬೇಯಿಸುತ್ತಾರೆ. ಈ ಅಚ್ಚಿಗೆ ಲಾಸ್ಟ್ ಎಂದು ಹೆಸರು. ಬೀರುವಿನಲ್ಲಿ ಮೊಹರು ಹಾಕಿ ಇಟ್ಟ ಒಂದು ಮಾದರಿ ಜೊತೆ ಇರುತ್ತಿತ್ತು. ಪ್ರತಿ ಜೊತೆಯನ್ನೂ ಅದರೊಂದಿಗೆ ಹೋಲಿಸಿ, ವ್ಯತ್ಯಾಸ ಕಂಡರೆ ಕೆಂಪು ಗುರುತು ಹಾಕುವುದು ನನ್ನ ಕೆಲಸ.

ಆ ವರ್ಷ ನಮ್ಮ ಶೂಗಳು ಹರಿದು ವಾಪಸಾಗುತ್ತಿದ್ದವು. ಕಾರ್ಮಿಕರ ಕಾಲೊನಿಗಳ ಮೈದಾನಗಳಲ್ಲಿ ವಾಲಿಬಾಲ್ ಆಡುವವರೇ ನಮ್ಮ ಮುಖ್ಯ ಗಿರಾಕಿಗಳು. ಜಿಗಿದು ನೆಲಕ್ಕಿಳಿಯುವಾಗ ಕಿರುಬೆರಳ ಪಕ್ಕದಲ್ಲಿ ಬಟ್ಟೆ ಸೀಳುತ್ತಿತ್ತು. ಬರಿಗಾಲಲ್ಲಿ ಬೆಳೆದ ಪಾದ ಅಗಲ, ನಮ್ಮ ಲಾಸ್ಟ್ ಕಿರಿದು. ಆದರೆ ಮ್ಯಾನೇಜರ್ ಆಡುವವರ ಕಾಲನ್ನೇ ದೂರಿದರು. ಲಾಸ್ಟಿನ ಅಳತೆ ಪುಸ್ತಕದಲ್ಲಿದ್ದಂತೆಯೇ ಇತ್ತಾದ್ದರಿಂದ ನಾನೂ ಹೌದೆಂದೆ.

ಸೆಲ್ವಿ ನಮ್ಮ ಹೊಲಿಗೆ ವಿಭಾಗದಲ್ಲಿ ಮೂರು ವರ್ಷದಿಂದ ಕೆಲಸದಲ್ಲಿದ್ದ ಹೆಂಗಸು. ಮನೆಮಾತು ತಮಿಳು. ತಂದೆ ಲಾರಿಗಳ ತಾಡಪಾಲು ಹೊಲಿಯುತ್ತಿದ್ದವರು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಆಕೆ ಹೊಲಿದ ಹನ್ನೆರಡು ಜೊತೆ ನನ್ನ ಮೇಜಿಗೆ ಬಂದವು. ಪ್ರತಿ ಶೂವಿನ ಹೊರಪಕ್ಕದಲ್ಲಿ ನೀಲಿ ದಾರದ ಎರಡು ಸೊಟ್ಟ ಗೆರೆಗಳಿದ್ದವು. ಆಕೆಯನ್ನು ಕರೆಸಿದೆ.

“ಏನಮ್ಮ ಇದು? ಶೂ ಹೊಲಿ ಅಂದ್ರೆ ರಂಗೋಲಿ ಹಾಕಿದೀಯ?”

“ರಂಗೋಲಿ ಅಲ್ಲ ಸಾರ್. ಹರಿಯೋ ಜಾಗಕ್ಕೆ ಒಳಗಿಂದ ತುಂಡು ಬಟ್ಟೆ ಕೊಟ್ಟಿದೀನಿ. ಕೈ ಹಾಕಿ ನೋಡಿ.”

“ಹೊಲಿಗೆನಾದ್ರೂ ನೆಟ್ಟಗೆ ಹಾಕ್ಬಾರದಾ?”

“ನೆಟ್ಟಗೆ ಹಾಕಿದ್ರೆ ಎಲ್ಲಾ ತೂತೂ ಒಂದೇ ಎಳೆ ಮೇಲೆ ಬೀಳತ್ತೆ ಸಾರ್. ಸ್ಟಾಂಪ್ ಕಿತ್ತಂಗೆ ಪರ್ ಅಂತ ಹರಿದುಹೋಗತ್ತೆ. ನಮ್ಮಪ್ಪ ತಾಡಪಾಲಿಗೆ ಹಿಂಗೇ ಹಾಕ್ತಿದ್ರು.”

“ತಾಡಪಾಲು ಬೇರೆ, ಶೂ ಬೇರೆ.”

“ಬಟ್ಟೆಗೆ ಅದು ಗೊತ್ತಾಗಲ್ಲ ಸಾರ್.”

ಸುತ್ತಲಿನ ಹೆಂಗಸರು ಕಿಸಕ್ಕನೆ ನಕ್ಕರು. ಆಕೆಯ ವಾದ ಸರಿಯೆಂದು ಅರೆಕ್ಷಣ ಅನ್ನಿಸಿದ್ದು ನಿಜ. ಆ ನಗು ಕಿವಿಗೆ ಬಿದ್ದ ಮೇಲೆ ಒಪ್ಪಿಕೊಳ್ಳುವ ಮನಸ್ಸಾಗಲಿಲ್ಲ. ಶೂವಿನೊಳಗೆ ಕೈ ಹಾಕಲಿಲ್ಲ. ಹನ್ನೆರಡು ಜೊತೆಯನ್ನೂ ತಿರಸ್ಕರಿಸಿ ಚೀಟಿ ಬರೆದೆ. ನೀಲಿ ದಾರ ಎಲ್ಲಿಂದ ಬಂತೆಂದು ಮಾತ್ರ ವಿಚಾರಿಸಿದೆ. ಶಾಲಾ ಬ್ಯಾಗುಗಳ ಹೊಲಿಗೆಯಲ್ಲಿ ಉಳಿದ ದಾರವಂತೆ. ಇಂದು ಜನ ನದಿಯ ನೀರೆಂದು ಮೆಚ್ಚುವ ಬಣ್ಣದ ಮೂಲ ಅದು.

“ಮಾದರಿ ಬದಲಿಸೋಕೆ ಇವಳ್ಯಾರ್ರೀ?” ಎಂದರು ಮ್ಯಾನೇಜರ್. ಮರುದಿನ ಆಕೆಯನ್ನು ಕೆಲಸದಿಂದ ತೆಗೆದರು. ಸಂಜೆ ಗೇಟಿನ ಬಳಿ ಆಕೆ ನನಗಾಗಿ ಕಾಯುತ್ತಿದ್ದಳು.

“ಸಾರ್, ನೀವ್ ಒಂದ್ ಮಾತು ಹೇಳಿದ್ರೆ ಉಳಿಸ್ಕೋತಾರೆ. ಮನೆಯವರಿಗೆ ಕೆಲಸ ಹೋಗಿ ಎಂಟು ತಿಂಗಳಾಯ್ತು. ಈಗ ದುಡಿಯೋಳು ನಾನೊಬ್ಳೇ.”

“ರೂಲ್ಸ್ ಅಂದ್ರೆ ರೂಲ್ಸ್ ಅಮ್ಮ” ಎಂದು ಹೇಳಿ ಸೈಕಲ್ ಹತ್ತಿದೆ.

ತಿರಸ್ಕೃತ ಮಾಲು ಎಂದಿನಂತೆ ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯೊಂದಕ್ಕೆ ಅಗ್ಗದಲ್ಲಿ ಹೋಯಿತು. ಕೆಲವು ತಿಂಗಳ ನಂತರ ಆ ಅಂಗಡಿಯವರು ಫೋನು ಮಾಡಿದರು: “ಮಾರಾಯ್ರೆ, ಆ ಸೊಟ್ಟ ಹೊಲಿಗೆ ಶೂ ಇನ್ನೂ ಇದ್ರೆ ಕಳ್ಸಿ. ವಾಲಿಬಾಲ್‌ನವರು ಬೇರೆ ಯಾವ್ದೂ ಮುಟ್ತಿಲ್ಲ. ಹರಿಯೋದೇ ಇಲ್ವಂತೆ!” ೧೯೯೭ರಲ್ಲಿ ಬೀರುವಿಗೆ ಹೊಸ ಮಾದರಿ ಬಂತು. ಒಳಗೆ ತುಂಡು ಬಟ್ಟೆ, ಹೊರಗೆ ಎರಡು ನೀಲಿ ಅಲೆ. ಜಾಹೀರಾತಿನವರು ನದಿಗಳ ಕಥೆ ಕಟ್ಟಿದರು. ಮ್ಯಾನೇಜರರಿಗೆ ಸನ್ಮಾನವಾಯಿತು. ಅಲೆ ಸಾಕಷ್ಟು ಬಾಗದ ಜೊತೆಗಳನ್ನು ನಾನು ತಿರಸ್ಕರಿಸತೊಡಗಿದೆ. ಸೆಲ್ವಿಯನ್ನು ವಾಪಸು ಕರೆಸಿ ಎಂದು ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಎರಡು ವರ್ಷದ ನಂತರ ಉಳಿತಾಯಕ್ಕೆಂದು ಒಳಗಿನ ತುಂಡು ಬಟ್ಟೆಯನ್ನು ತೆಗೆದರು. ಅಲೆಗಳನ್ನು ಉಳಿಸಿಕೊಂಡರು, ಏಕೆಂದರೆ ಅವು ಕಣ್ಣಿಗೆ ಕಾಣುತ್ತಿದ್ದವು. ಶೂಗಳು ಮತ್ತೆ ಹರಿಯತೊಡಗಿದವು. ೨೦೦೩ರಲ್ಲಿ ಕಾರ್ಖಾನೆ ಮುಚ್ಚಿತು. ಮುಚ್ಚಿದ ಮೇಲೆ ಸಂಗ್ರಾಹಕರು ಹುಟ್ಟಿಕೊಂಡರು. ಮೂಲ ಡಬ್ಬಿಯಲ್ಲಿರುವ, ಯಾರೂ ಕಾಲಿಡದ ಜೊತೆಗೆ ಅವರಲ್ಲಿ ಎಲ್ಲಿಲ್ಲದ ಬೇಡಿಕೆ. ಆಡುವವರಿಗಾಗಿ ಹುಟ್ಟಿದ ಹೊಲಿಗೆಗೆ ಈಗ ಆಡದೆ ಉಳಿದದ್ದೇ ಯೋಗ್ಯತೆ.

ಪ್ರದರ್ಶನದಲ್ಲಿದ್ದ ಜೊತೆಯ ಒಡೆಯರು ಒಬ್ಬ ದಂತವೈದ್ಯರು. ತುಂಡು ಬಟ್ಟೆ ಇದೆಯೇ ಎಂದು ಒಳಗೆ ಬೆರಳಾಡಿಸಿ ನೋಡಲು ಅನುಮತಿ ಕೇಳಿದೆ.

“ಬೇಡ ಸಾರ್, ಮುಟ್ಟಿದ್ರೆ ಬೆಲೆ ಹೋಗತ್ತೆ.”

ನಡೆದದ್ದನ್ನೆಲ್ಲ ಹೇಳಿದೆ. ಅವರು ಶಾಂತವಾಗಿ ಕೇಳಿಸಿಕೊಂಡರು.

“ಇರಬಹುದು ಸಾರ್. ಆದ್ರೆ ನದಿ ಕಥೆ ಚೆನ್ನಾಗಿದೆ ಅಲ್ವಾ?”

ಕಾರ್ಡು ಬದಲಾಗಲಿಲ್ಲ.

ಮುಂದಿನ ವಾರ ಭದ್ರಾವತಿಯಲ್ಲಿ ಸೆಲ್ವಿಯನ್ನು ಹುಡುಕಿಕೊಂಡು ಹೋದೆ. ತಾಡಪಾಲು ಹೊಲಿಯುತ್ತಿದ್ದಳು. ಪತ್ರಿಕೆಗೆ ಬರೆದು ಆಕೆಯ ಹೆಸರು ಹಾಕಿಸುವುದಾಗಿ ಹೇಳಿದೆ. ಆಕೆ ಯಂತ್ರ ನಿಲ್ಲಿಸಲಿಲ್ಲ.

“ಹೆಸರು ತಗೊಂಡು ಈಗೇನ್ ಮಾಡ್ಲಿ ಸಾರ್? ಆವತ್ತು ನೀವು ಒಳಗೆ ಕೈ ಹಾಕಿದ್ರೆ ಸಾಕಾಗಿತ್ತು.”

ತಪಾಸಣೆಯೆಂದರೆ ಮಾದರಿಗೆ ಹೋಲಿಸುವುದು ಎಂದು ನಾನು ಇಪ್ಪತ್ತು ವರ್ಷ ನಂಬಿದ್ದೆ. ಮಾದರಿಯೇ ತಪ್ಪಾಗಿದ್ದಾಗ ಅದರಿಂದ ಬೇರೆಯಾಗಿ ಕಾಣುವ ವಸ್ತುವಿನಲ್ಲೇ ಸತ್ಯ ಇರಬಹುದೆಂದು ಆ ಕೆಲಸ ನನಗೆ ಕಲಿಸಿತು. ಕಲಿಯುವ ಹೊತ್ತಿಗೆ ಶಿಕ್ಷೆ ಬೇರೊಬ್ಬರಿಗೆ ಆಗಿಹೋಗಿತ್ತು.

ನನ್ನ ಮಾತನ್ನು ನಂಬಬೇಕಾಗಿಲ್ಲ. ೧೯೯೬ರ ಸೆಪ್ಟೆಂಬರಿನ ಆ ಚೀಟಿಯ ಕಾರ್ಬನ್ ಪ್ರತಿ ನನ್ನ ಬಳಿ ಇದೆ; ಯಾರು ಬೇಕಾದರೂ ಬಂದು ನೋಡಬಹುದು. ಅದರಲ್ಲಿ ಹೀಗಿದೆ: “ಹೊಲಿದವರು: ಸೆಲ್ವಿ. ಜೊತೆ: ಹನ್ನೆರಡು. ದೋಷ: ಮಾದರಿಯಲ್ಲಿ ಇಲ್ಲದ ಎರಡು ಅಲೆ ಹೊಲಿಗೆ.” ಆ ವಿನ್ಯಾಸದ ಜೊತೆಗೆ ಆಕೆಯ ಹೆಸರಿರುವ ಕಾಗದ ಇದೊಂದೇ. ಕೆಳಗಿರುವ ಸಹಿ ನನ್ನದು.