ಅಂಚು ಬಿಟ್ಟ ಕಣಗಳು

ಅಂದು ಮಧ್ಯಾಹ್ನ ಕಂಡದ್ದು ನಿಜವೋ, ಆಮೇಲೆ ಕೇಳಿದ ಸುದ್ದಿ ನನ್ನ ನೆನಪನ್ನೇ ತಿದ್ದಿತೋ, ಖಚಿತವಾಗಿ ಹೇಳಲಾರೆ. ಇಂಥ ಕಥೆ ಹೇಳುವವರನ್ನು ಕಂಡು ನಗುತ್ತಿದ್ದವನು ನಾನು. ಈಗಲೂ ನಗುತ್ತೇನೆ.

ನನ್ನ ಸಂಶೋಧನೆ ರಕ್ತದ ಬಿಳಿ ಕಣಗಳ ಮೇಲೆ. ಕೂದಲೆಳೆಯಷ್ಟು ಸಣ್ಣ ಕಾಲುವೆಗಳಿರುವ ಗಾಜಿನ ಚಿಪ್‌ನಲ್ಲಿ ಅವನ್ನು ಹರಿಸಿ ವಿದ್ಯುತ್ ಕ್ಷೇತ್ರದಿಂದ ಬೇರ್ಪಡಿಸುತ್ತೇನೆ. ಜೀವವಿರುವ ಕಣಗಳು ಇಲೆಕ್ಟ್ರೋಡಿನ ಅಂಚಿಗೆ ಬಂದು ನಿಲ್ಲುತ್ತವೆ. ಸತ್ತವು ದೂರ ಸರಿಯುತ್ತವೆ.

ರಜೆಯಲ್ಲಿ ಹೊನ್ನಾವರದ ಕಾಲೇಜೊಂದರಲ್ಲಿ ಉಪಕರಣ ಹೂಡಿಕೊಂಡಿದ್ದೆ. ಮಾವಿನಕುರ್ವೆಯ ಗಣಪತಿ, ನನ್ನ ಶಾಲೆಯ ಗೆಳೆಯ, ಮೀನಿಗೆ ಹೋಗುವ ಮುಂಚೆ ಬಂದು ರಕ್ತ ಕೊಡಲು ಬೆರಳು ಚಾಚಿದ.

"ಎಂತ ಮಾರಾಯ, ಇಷ್ಟು ಓದಿ ಕಡಿಗೆ ಸೊಳ್ಳೆ ಕೆಲ್ಸನಾ?"

"ಇಂದು ಅಳಿವೆ ಜೋರದೆ. ಹೋಗ್ಬೇಡ."

"ನೀ ನನ್ನ ರಕ್ತ ನೋಡ್ಕೊ, ಅಳಿವೆ ನಾ ನೋಡ್ಕಂತೆ. ಆತಾ?"

ಶರಾವತಿ ಸಮುದ್ರ ಸೇರುವ ಆ ಅಳಿವೆಯಲ್ಲಿ ದೋಣಿ ಮಗುಚುವುದು ಹೊಸತಲ್ಲ. ಆದರೂ ಹೋದ.

ಊಟ ಮುಗಿಸಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಕಣಗಳು ಅಂಚಿನಲ್ಲಿ ಸಾಲಾಗಿ ನಿಂತಿದ್ದವು. ನೋಡುತ್ತಿದ್ದಂತೆ ಅಷ್ಟೂ ಒಟ್ಟಿಗೆ ಅಂಚು ಬಿಟ್ಟು ನಡುವಿಗೆ ಸರಿದವು. ವಿದ್ಯುತ್ ಇತ್ತು, ತಂತಿ ಸರಿಯಿತ್ತು, ನಾನು ಏನನ್ನೂ ಮುಟ್ಟಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವೇ ತಿರುಗಿ ಬಂದು ಅಂಚಿಗೆ ನಿಂತವು. ಸತ್ತ ಕಣ ಹಾಗೆ ಮರಳುವುದಿಲ್ಲ.

ಸಂಜೆ ಫೋನು ಬಂತು. ಮಧ್ಯಾಹ್ನ ಗಣಪತಿಯ ದೋಣಿ ಅಳಿವೆಯಲ್ಲಿ ಮಗುಚಿತ್ತು. ಅವನನ್ನು ಎತ್ತಿ ದಡಕ್ಕೆ ತಂದಾಗ ಉಸಿರಿರಲಿಲ್ಲವಂತೆ. ಜೊತೆಯವರು ಎದೆ ಒತ್ತಿ ಒತ್ತಿ ಉಸಿರು ತರಿಸಿದ್ದರು.

"ದೇವ್ರೇ ತಿರುಗಿ ಕಳ್ಸಿದ್ದು," ಎಂದರು ಅವನ ತಾಯಿ. ಕಣ ಸರಿದದ್ದಕ್ಕೆ ಚಿಪ್‌ನೊಳಗಿನ ಗಾಳಿಗುಳ್ಳೆ ಕಾರಣ ಎಂದರು ನನ್ನ ಸಂಶೋಧನೆಯ ಮಾರ್ಗದರ್ಶಕರು. ಎರಡನ್ನೂ ನಾನು ಒಪ್ಪುವುದಿಲ್ಲ. ಗುಳ್ಳೆ ಬಂದರೆ ಕಣಗಳು ಚದುರುತ್ತವೆ, ಸಾಲುಗಟ್ಟಿ ಮರಳುವುದಿಲ್ಲ. ಕಣ ಸರಿದದ್ದೂ ಅವನ ಉಸಿರು ನಿಂತದ್ದೂ ಒಂದೇ ಗಳಿಗೆಯಲ್ಲಿ ನಡೆದವೆಂದೂ ನಾನು ಸಾಧಿಸಲಾರೆ. ಗಡಿಯಾರವನ್ನು ನಾನೂ ನೋಡಿರಲಿಲ್ಲ, ದಡದಲ್ಲಿದ್ದವರೂ ನೋಡಿರಲಿಲ್ಲ. ಹಾಗೆಂದು ಕಂಡದ್ದನ್ನು ಕಂಡಿಲ್ಲ ಎನ್ನಲೇ? ಎನ್ನುವುದಿಲ್ಲ.

ಇವೆರಡಕ್ಕೂ ನಂಟಿಲ್ಲ ಎನ್ನಲು ನನಗೆ ಉಳಿದಿದ್ದ ದಾರಿ ಒಂದೇ. ಹೋಲಿಕೆಗೆಂದು ನನ್ನ ರಕ್ತವನ್ನೂ ತೆಗೆದಿಟ್ಟಿದ್ದೆ. ಎರಡು ಟ್ಯೂಬಿಗೂ ಹೆಸರು ಅಂಟಿಸಿರಲಿಲ್ಲ. ಚಿಪ್‌ಗೆ ಹಾಕಿದ್ದು ನನ್ನದೇ ಆಗಿದ್ದರೆ? ಹಾಗಾಗಿರಲಿ ಎಂದು ಆಸೆಪಟ್ಟೆ. ಬಳಸಿದ ಟ್ಯೂಬಿನ ತಳದಲ್ಲಿ ಉಳಿದಿದ್ದ ರಕ್ತವನ್ನು ಮರುದಿನ ಕುಮಟಾದ ಲ್ಯಾಬಿಗೆ ಒಯ್ದು ಗುಂಪು ಪರೀಕ್ಷೆ ಮಾಡಿಸಿದೆ.

ನನ್ನದು ಓ ಪಾಸಿಟಿವ್. ಟ್ಯೂಬಿನಲ್ಲಿದ್ದದ್ದು ಬಿ ನೆಗೆಟಿವ್, ಗಣಪತಿಯದು.